ಟ್ರಯಲ್ ಕೋಣೆಯಲ್ಲಿ ಅಳಿವೆ ನೀರು

ಗಾಜಿನ ತೊಟ್ಟಿಯಲ್ಲಿ ಒಂದು ಹಸಿ ಸಿಗಡಿ ಕೊಳೆಯುತ್ತಿತ್ತು. ಮೀನು ಇನ್ನೂ ಬಂದಿರಲಿಲ್ಲ. ಇದ್ದದ್ದು ಬರೀ ನೀರು, ಮರಳು, ಒಂದು ಕಪ್ಪು ಬೇರಿನ ತುಂಡು, ಮತ್ತು ಒಂದು ಕಾಲಕ್ಕೆ ಸಿಗಡಿಯಾಗಿದ್ದು ಈಗ ಬಿಳಿ ಬೂಷ್ಟು ಹೊದ್ದು ಮಲಗಿದ್ದ ಆ ಪದಾರ್ಥ. ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಅದೇ ಕೋಣೆಯಲ್ಲಿ ಟೈಲರ್ ಅಕ್ಕ ಮೂಗಿಗೆ ಅಸ್ತರಿನ ಬಟ್ಟೆ ಕಟ್ಟಿಕೊಂಡು ಮಷೀನು ತುಳಿಯುತ್ತಿದ್ದಳು.

"ಅದು ಕೊಳೆತರೇನೇ ಒಳ್ಳೆ ಬ್ಯಾಕ್ಟೀರಿಯಾ ಹುಟ್ಟೋದು ಅಕ್ಕಾ," ಎಂದ ತಮ್ಮ. "ಆಮೇಲೆ ಮೀನು ಎಷ್ಟೇ ಹೇಸಿಗೆ ಮಾಡಿದ್ರೂ ನೀರು ವಿಷ ಆಗಲ್ಲ."

"ಹೇಸಿಗೆ ಮಾಡೋಕೆ ಮೀನು ಬೇರೆ ಬರಬೇಕಾ? ನೀನಿದ್ದೀಯಲ್ಲ."

ಮನೆಮಂದಿಯೆಲ್ಲ ಅವನನ್ನು ಕರೆಯುತ್ತಿದ್ದುದೇ ಅರೆಬರೆ ಎಂದು. ಅಣಬೆ ಬೆಳೆ ಅರ್ಧ, ಗಿಟಾರು ಅರ್ಧ, ಮದುವೆಯ ಮಾತುಕತೆಯೂ ಅರ್ಧ. ನಾಲ್ಕು ದಿನಕ್ಕೆಂದು ಅಕ್ಕನ ಮನೆಗೆ ಬಂದವನು ಬೇರುಬಿಟ್ಟಿದ್ದ. ಈಗ ನದಿ ಕಡಲಿಗೆ ಸೇರುವ ಅಳಿವೆಯ ನೀರನ್ನು ಮನೆಯಲ್ಲೇ ತಯಾರಿಸಲು ಹೊರಟಿದ್ದ. ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕದಡುವುದು, ಗಾಜಿನ ಕಡ್ಡಿ ತೇಲಿಬಿಟ್ಟು ಎಷ್ಟು ಉಪ್ಪಾಯಿತೆಂದು ನೋಡುವುದು, ತಲೆ ಕೆರೆದುಕೊಂಡು ಮತ್ತೆ ಸಿಹಿನೀರು ಸುರಿಯುವುದು.

"ಅತ್ತ ಸಿಹಿಯೂ ಅಲ್ಲ, ಇತ್ತ ಉಪ್ಪೂ ಅಲ್ಲ," ಎಂದಳು ಅಕ್ಕ. "ನಿನಗೆ ತಕ್ಕ ನೀರನ್ನೇ ಹುಡುಕಿದ್ದೀಯ ಬಿಡು."

ಅವಳ ಸಂಕಟ ಬೇರೆಯದು. ಬಟ್ಟೆಗೆ ಮೂಗಿಲ್ಲ, ಆದರೆ ಅದರಷ್ಟು ವಾಸನೆ ಹಿಡಿಯುವ ವಸ್ತು ಇನ್ನೊಂದಿಲ್ಲ. ಒಬ್ಬ ಗಾಯಕಿ ವೇದಿಕೆಗೆಂದು ರೇಷ್ಮೆಯ ಗೌನು ಹೊಲಿಯಲು ಕೊಟ್ಟಿದ್ದಳು. ಅದು ಒಪ್ಪಿಗೆಯಾದರೆ ಅವಳ ತಂಡದವರೆಲ್ಲರ ಬಟ್ಟೆಯೂ ಅಕ್ಕನ ಕೈಗೇ. ಪ್ಯಾಂಟಿನ ಅಂಚು ಮಡಿಸಿ, ಹರಿದ ಜಿಪ್ಪು ಬದಲಿಸಿ ಸವೆದ ಬೆರಳುಗಳಿಗೆ ಕೊನೆಗೂ ಮರ್ಯಾದೆಯ ಕೆಲಸ. ರೇಷ್ಮೆಯನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಲಗುವ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

ಸಿಗಡಿ ಕರಗಿ ಕಾಣೆಯಾದ ಮೇಲೆ ಮೀನುಗಳು ಬಂದವು. ಚಪ್ಪಟೆ ಮೈ, ಕಪ್ಪು ಪಟ್ಟೆ, ಯಾರನ್ನೋ ಬೈಯಲು ಮುಂದೆ ಚಾಚಿದಂಥ ತುಟಿ. ಆರ್ಚರ್ ಫಿಶ್ ಅಂತೆ. ನೀರಿನ ಮೇಲೆ ಎಲೆಗೆ ಕೂತ ಹುಳುವನ್ನು ಬಾಯಿಂದ ನೀರು ಚಿಮ್ಮಿ ಕೆಡವಿ ತಿನ್ನುತ್ತವಂತೆ. ಆದ್ದರಿಂದ ತೊಟ್ಟಿ ಅರ್ಧ ಖಾಲಿ, ಮೇಲೆ ಮುಚ್ಚಳವಿಲ್ಲ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೆಂಪು ಹುಳುಗಳ ಐಸುಗಡ್ಡೆ ಬಂದು ಕೂತಿತು. ಅಕ್ಕ ಮೊಸರು ಬಿಟ್ಟಳು.

ಟ್ರಯಲಿನ ದಿನ ಅಕ್ಕ ತೊಟ್ಟಿಗೆ ದುಪ್ಪಟಿ ಹೊದಿಸಿದಳು. ನಿಲುವುಗನ್ನಡಿ ಇದ್ದದ್ದು ಅದರ ಪಕ್ಕದಲ್ಲೇ. ನೀರಿದ್ದ ತೊಟ್ಟಿಯನ್ನು ಅಲ್ಲಾಡಿಸುವುದು ಆಗದ ಮಾತು. ಗಾಯಕಿ ಗೌನು ತೊಟ್ಟು ನಿಂತಾಗ ಎದೆಯ ಮೇಲಿನ ಚಮಕಿ ಬೆಳಕಿಗೆ ಮಿನುಗಿತು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೆಳಗೆ ಅಂಚು ಹಿಡಿಯುತ್ತಿದ್ದಳು. ತಮ್ಮ ಒಳಗೆ ಬಂದವನೇ, "ಪಾಪ, ಅವಕ್ಕೂ ಗಾಳಿ ಬೇಡವಾ," ಎಂದು ದುಪ್ಪಟಿ ಎತ್ತಿದ.

"ಅಯ್ಯೋ, ಎಷ್ಟು ಮುದ್ದಾಗಿವೆ," ಎಂದು ಗಾಯಕಿ ಬಗ್ಗಿದಳು.

ತೊಟ್ಟಿಯಿಂದ ಚಿಮ್ಮಿದ ಮೊದಲ ಗುಟುಕು ನೀರು ಚಮಕಿಗೆ ಬಡಿಯಿತು. ಎರಡನೆಯದು ತುಟಿಗೆ. ಅವಳು ನಕ್ಕು ತುಟಿ ಸವರಿಕೊಂಡಳು.

"ಉಪ್ಪುಪ್ಪಾಗಿದೆಯಲ್ಲ, ಏನು ಹಾಕ್ತೀರಿ ಇದಕ್ಕೆ?"

ಬಾಯ್ತುಂಬ ಪಿನ್ನಿದ್ದ ಅಕ್ಕ ಹೇಳಬೇಡವೆಂದು ತಮ್ಮನಿಗೆ ತಲೆಯಲ್ಲಾಡಿಸಿದಳು, ಕೈಯಾಡಿಸಿದಳು. ಅವನನ್ನು ಯಾರೂ ಇದುವರೆಗೆ ಇಷ್ಟು ಪ್ರೀತಿಯಿಂದ ಕೇಳಿರಲಿಲ್ಲ. ಅವನು ಉಪ್ಪಿನಿಂದ ಹಿಡಿದು ವಿವರವಾಗಿ ಹೇಳಿದ. ಸಿಗಡಿಯನ್ನೂ ಬಿಡಲಿಲ್ಲ, ಅದರ ಬೂಷ್ಟನ್ನೂ ಬಿಡಲಿಲ್ಲ. "ಪೂರ್ತಿ ಅದರಲ್ಲೇ ಕರಗಿದೆ ಮೇಡಂ, ಒಂದು ಚೂರೂ ಎಸೆದಿಲ್ಲ."

ಗಾಯಕಿ ಬಚ್ಚಲಿಗೆ ಓಡಿದಳು. ಒಳಗಿನಿಂದ ಬಂದ ಸದ್ದು ಯಾವ ರಾಗದ್ದೂ ಆಗಿರಲಿಲ್ಲ. ಹೊರಬಂದಾಗ ಅವಳ ಮುಖ ಅಸ್ತರಿನಷ್ಟು ಬಿಳಿಯಾಗಿತ್ತು, ಎದೆಯ ರೇಷ್ಮೆಯಲ್ಲಿ ಉಪ್ಪಿನ ಉಂಗುರ ಒಣಗುತ್ತಿತ್ತು. ಪರದೆಯ ಹಿಂದೆ ಹೋಗಿ ತನ್ನ ಬಟ್ಟೆ ತೊಟ್ಟು ಬಂದು, ಗೌನನ್ನು ಕುರ್ಚಿಯ ಮೇಲೆ ಹಾಕಿದಳು.

"ಮುಂಭಾಗ ಬೇರೆ ಹಾಕಿಕೊಡಿ, ನೋಡ್ತೀನಿ. ಆದರೆ ಇದು ಇರೋ ಮನೆಗೆ ನಾನು ಮತ್ತೆ ಕಾಲಿಡಲ್ಲ."

ಬಾಗಿಲು ಮುಚ್ಚಿಕೊಂಡಿತು. ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು.

"ಅಷ್ಟು ಸರಿಯಾಗಿ ಚಮಕಿಗೇ ಹೊಡೀತಲ್ಲ, ಹೇಗೆ?"

ತಮ್ಮನ ಮುಖ ಅರಳಿತು. "ಜೀವ ಇರೋ ಹುಳು ಎಲ್ಲಿ ಸಿಗುತ್ತೆ ಅಕ್ಕಾ? ನಿನ್ನ ಡಬ್ಬಿಯಿಂದ ಚಮಕಿ ತಗೊಂಡು, ದಾರಕ್ಕೆ ಪೋಣಿಸಿ ಮೇಲೆ ಆಡಿಸ್ತಿದ್ದೆ. ಗುರಿ ತಾಗಿದರೆ ಊಟ. ಈಗ ಒಂದೂ ತಪ್ಪಲ್ಲ."

ಹುಟ್ಟಿದಾಗಿನಿಂದ ಅವನು ಪೂರ್ತಿ ಮಾಡಿದ ಕೆಲಸ ಇದೊಂದೇ ಎಂದು ಅಕ್ಕನಿಗೆ ಹೊಳೆಯಿತು. ಪಿನ್ನುಗಳನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು.

"ಮೀನನ್ನ ತಂದ ಅಂಗಡಿಗೇ ವಾಪಸ್ ಕೊಡು. ಬಟ್ಟೆಬರೆ ಕಟ್ಟಿಕೊಂಡು ಅಲ್ಲಿಂದ ಹಾಗೇ ಮುಂದಕ್ಕೆ ಹೋಗು."

"ಮುಂದಕ್ಕೆ ಅಂದ್ರೆ ಎಲ್ಲಿಗೆ ಅಕ್ಕಾ?"

"ಮುಂದಕ್ಕೆ ಅಂದೆನಲ್ಲ. ಈ ಕಡೆ ತಿರುಗಬೇಡ."

ಅವನು ಬಕೆಟ್ಟು ಹುಡುಕಲು ಹೋದ. ಅಕ್ಕ ಕಿಟಕಿಗಳನ್ನೆಲ್ಲ ತೆರೆದು, ಗೌನನ್ನು ಉಗುರ ತುದಿಯಲ್ಲಿ ಎತ್ತಿ ಮೊಣಕಾಲ ಮೇಲೆ ಹರಡಿಕೊಂಡಳು. ಮುಖ ಆಚೆ ತಿರುಗಿಸಿಕೊಂಡೇ ಎದೆಯ ಹೊಲಿಗೆ ಬಿಚ್ಚತೊಡಗಿದಳು.