ಹುಲಿಯಮ್ಮನ ಹೆಸರಲ್ಲಿ ಒಂದು ಮುಳುಗು

ಮದುವೆಯಾಗದ ಹುಡುಗನೊಬ್ಬ ಥಾಯ್ಲೆಂಡಿಗೆ ಹೋಗಿ ಬಂದನೆಂದರೆ, ಅವನು ಅಲ್ಲಿ ಬರೀ ಬೆಟ್ಟಗುಡ್ಡ ನೋಡಿದನೆಂದು ದೇವನೂರಿನಲ್ಲಿ ಯಾರೂ ನಂಬುವುದಿಲ್ಲ. ಹೆಣ್ಣು ಕೊಡುವವರಂತೂ ನಂಬುವುದೇ ಇಲ್ಲ. ಕಡೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ ಹರ್ಷಿತನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ತೀರ್ಥಪ್ಪ, ಆ ದೇಶದ ಹೆಸರು ಬಂದರೆ ಮನೆಯವರ ಮುಖ ನೋಡಲಾಗದೆ ಟೀವಿ ಆರಿಸುವ ಮನುಷ್ಯ. ಹೀಗಿರುವಾಗ ಅಲ್ಲಿಗೆ ಹೋಗುವ ದಾರಿ ತೋರಿಸಿದವನು ಜೊತೆಗೆ ಹೊರಟಿದ್ದ ತರೀಕೆರೆಯ ಗೆಳೆಯ ಸುದೀಪ್.

“ಕಾಶಿ ಅನ್ನು ಕಣ್ಲೇ. ಕಾಶಿಗೆ ಹೋಗ್ಬೇಡ ಅಂತ ಯಾವನಾದ್ರೂ ಅಂತಾನಾ? ಅಂದ್ರೆ ಪಾಪ ಅವನಿಗೇ ಸುತ್ಕೊಳ್ಳುತ್ತೆ.”

ಸುಳ್ಳು ಎಷ್ಟು ಸಲೀಸಾಗಿ ನಡೆಯಿತೆಂದರೆ ತೀರ್ಥಪ್ಪ ತಾನೇ ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತ. ಅಜ್ಜಿ ಹುಲಿಯಮ್ಮ ಹಿಂದಿನ ದಿನವೆಲ್ಲ ಕೂತು ರಾಗಿ ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಕಟ್ಟಿದ್ದಳು. ಹೊರಡುವಾಗ ಮೊಮ್ಮಗನ ಕೈ ಹಿಡಿದುಕೊಂಡಳು.

“ನನ್ ಮಂಡಿ ಇನ್ನು ಕಾಶಿ ಕಾಣಲ್ಲ ಕಣೋ. ನನ್ ಹೆಸರಲ್ಲಿ ಒಂದು ಮುಳುಗು ಹಾಕ್ಬಿಡು. ಹುಲಿಯಮ್ಮ ಅಂತ ಬಾಯ್ಬಿಟ್ಟು ಹೇಳ್ಬೇಕು ಮತ್ತೆ. ಮನಸಲ್ಲೇ ಅಂದ್ಕಂಡ್ರೆ ಗಂಗೆಗೆ ಕೇಳ್ಸಲ್ಲ.”

“ಆಯ್ತಜ್ಜಿ,” ಎಂದ ಹರ್ಷಿತ್. ಆಯ್ತು ಅನ್ನುವುದಕ್ಕೆ ಖರ್ಚೇನಿಲ್ಲ.

ಕಾಶಿಯಾತ್ರೆಯ ಕಷ್ಟಗಳನ್ನೆಲ್ಲ ಅವನು ಬೇರೆ ದಿಕ್ಕಿನಲ್ಲಿ ಅನುಭವಿಸಿದ. ಬ್ಯಾಂಕಾಕಿನ ಅಗ್ಗದ ವಸತಿಯಲ್ಲಿ ಹನ್ನೆರಡು ಮಂದಿಗೆ ಒಂದೇ ಕೋಣೆ. ಮೇಲಿನ ಮಂಚದವನು ಹೊರಳಿದರೆ ಕೆಳಗಿನವನಿಗೆ ಭೂಕಂಪ. ತಿಗಣೆಗಳು ದೇಶಭಾಷೆಯ ಭೇದ ನೋಡಲಿಲ್ಲ. ಒಗೆದ ಬನಿಯನ್ ಆ ಸೆಕೆಯಲ್ಲಿ ಒಣಗದೆ, ಬ್ಯಾಗಿನ ಬೆನ್ನಿಗೆ ಕಟ್ಟಿಕೊಂಡು ಬೀದಿ ಬೀದಿ ಮೆರವಣಿಗೆ ಹೊರಟಿತು. ಸಾರು, ಪಲ್ಯ, ಸೊಪ್ಪು ಯಾವುದಕ್ಕೆ ಕೈ ಹಾಕಿದರೂ ಮೀನಿನ ವಾಸನೆ. ಸುದೀಪನ ಹೊಟ್ಟೆ ಗಡಿ ದಾಟುವ ಮೊದಲೇ ಕೈಕೊಟ್ಟಿತು. ಲಾವೋಸಿನ ದೊಡ್ಡ ಹೊಳೆಯಲ್ಲಿ ಎರಡು ದಿನ ದೋಣಿಯ ಮರದ ಹಲಗೆಯ ಮೇಲೆ ಕೂತು ಸಾಗುವಾಗ, ಇಬ್ಬರನ್ನೂ ಉಳಿಸಿದ್ದು ಬಾಟಲಿ ನೀರಿನಲ್ಲಿ ಕಲಸಿಕೊಂಡ ಅಜ್ಜಿಯ ಹುರಿಹಿಟ್ಟು. ಪಕ್ಕದಲ್ಲಿದ್ದ ಜರ್ಮನಿಯ ಹುಡುಗಿಯೊಬ್ಬಳು ರುಚಿ ನೋಡಿ, ಇದು ಸಿಮೆಂಟೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

ಇಷ್ಟಾಗಿಯೂ ಹರ್ಷಿತ್ ಹುಟ್ಟಿದಾಗಿನಿಂದ ಅಷ್ಟು ಸಂತೋಷವಾಗಿ ಇದ್ದದ್ದಿಲ್ಲ. ಅಲ್ಲಿ ಯಾರೂ ಅವನನ್ನು ಯಾರ ಮಗ ಎಂದು ಕೇಳಲಿಲ್ಲ. ಕಾಡಿನ ನಡುವೆ ನೀಲಿ ಕಲಸಿ ಹೊಯ್ದಂತಿದ್ದ ಜಲಪಾತವೊಂದರಲ್ಲಿ, ಮರದ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ಜೋತಾಡಿ ನೀರಿಗೆ ಹಾರುವಾಗ ಅವನು ಬಾಯ್ಬಿಟ್ಟು ಕೂಗಿದ್ದೂ ಉಂಟು. ಆದರೆ ಕೂಗಿದ್ದು “ಈ ಸಲ ಕಪ್ ನಮ್ದೇ” ಎಂದು. ಹುಲಿಯಮ್ಮನ ಹೆಸರು ನೆನಪಾದದ್ದು ಬೆಂಗಳೂರಿನಲ್ಲಿ ಇಳಿದು, ಗ್ರಂಥಿಗೆ ಅಂಗಡಿಯಲ್ಲಿ ಕಾಶಿದಾರ ಕೊಳ್ಳುವಾಗ.

ಊರಿಗೆ ಬಂದ ಸಂಜೆ ಅಜ್ಜಿ ಜಗಲಿಯಲ್ಲಿ ಅವನನ್ನು ಹತ್ತಿರ ಕೂರಿಸಿಕೊಂಡಳು. “ಎದುರುಮನೆ ಕಾಶಮ್ಮ ಕೇಳ್ಕಂಡು ಬಾ ಅಂದವ್ಳೆ. ಕಾಶಿಗೆ ಹೋದೋರು ಒಂದು ತಿನ್ನೋ ಪದಾರ್ಥ ಬಿಟ್ಟು ಬರ್ಬೇಕಲ್ಲ. ನನ್ ಹೆಸರಲ್ಲಿ ಮುಳುಗಿದ್ಮೇಲೆ ನನ್ದೂ ಒಂದು ಬಿಟ್ಟಿರ್ತೀಯ. ಏನ್ ಬಿಟ್ಟೆ?”

ಈ ಪ್ರಶ್ನೆಯನ್ನು ಸುದೀಪ್ ಹೇಳಿಕೊಟ್ಟಿರಲಿಲ್ಲ. ಬ್ಯಾಂಕಾಕಿನ ಕೊನೆಯ ಸಂಜೆ ಗಾಡಿಯವನ ಹತ್ತಿರ ಕೊಂಡು ತಿಂದದ್ದರ ರುಚಿ ಇನ್ನೂ ನಾಲಗೆಯ ಮೇಲಿತ್ತು. ಆ ನಾಲಗೆಯೇ ಮುಂದೆ ಬಿದ್ದು ಹೇಳಿತು: “ಹಲಸು.”

ಹಲಸಿನ ಕಾಲದಲ್ಲಿ ಹುಲಿಯಮ್ಮನಿಗೆ ಊಟ ನೆನಪಾಗುತ್ತಿರಲಿಲ್ಲ. ಹಣ್ಣಿನ ಬೆನ್ನು ತಟ್ಟಿ ಒಳಗಿನ ತೊಳೆಯ ಬಣ್ಣ ಹೇಳುವವಳು. “ದೊಡ್ಡದನ್ನೇ ಬಿಟ್ಟಿದೀಯ,” ಎಂದಳು. “ಒಳ್ಳೇದೇ ಆಯ್ತು ಬಿಡು.”

ಒಳ್ಳೆಯದಾದದ್ದೂ ನಿಜ. ಎದುರುಮನೆಯ ಕಾಶಮ್ಮ ಹಿಂದೊಮ್ಮೆ ಟೂರ್ ಬಸ್ಸಿನಲ್ಲಿ ಕಾಶಿಗೆ ಹೋಗಿ, ತಾನು ಎಂದೂ ಮುಟ್ಟದ ಪಡವಲಕಾಯಿ ಬಿಟ್ಟು ಬಂದಿದ್ದಳು. ಈಗ ಬೀದಿಯಲ್ಲಿ ಹುಲಿಯಮ್ಮನ ತೂಕ ಬೇರೆಯಾಯಿತು. ಆದರೆ ಜೂನ್ ಬಂತು, ಸಖರಾಯಪಟ್ಟಣದ ನೆಂಟರಿಂದ ಎಂದಿನಂತೆ ಹಣ್ಣುಗಳೂ ಬಂದವು. ಮನೆಯೆಲ್ಲ ಘಮಘಮ. ಅಜ್ಜಿ ಬಿಡಿಸಿ ಎಲ್ಲರಿಗೂ ಹಂಚಿ, ಕೈಯನ್ನು ಮೂಗಿನಿಂದ ದೂರ ಹಿಡಿದು ತೊಳೆಯುತ್ತಿದ್ದಳು. ಬೀಜದ ಸಾರಾದರೂ ಉಣ್ಣು ಎಂದರೆ, ಅದೆಲ್ಲ ವಕೀಲರ ಬುದ್ಧಿ ಎಂದು ಮಜ್ಜಿಗೆ ಹಾಕಿಸಿಕೊಂಡಳು. ಹರ್ಷಿತನಿಗೆ ಶೋರೂಮಿನಲ್ಲಿ ಡೀಸೆಲ್ ವಾಸನೆಯ ನಡುವೆಯೂ ಹಲಸಿನ ವಾಸನೆ ಬರತೊಡಗಿತು.

ಒಂದು ಭಾನುವಾರ ಅಪ್ಪ, ಅಮ್ಮ ಅಜ್ಜಂಪುರಕ್ಕೆ ನಾಮಕರಣಕ್ಕೆ ಹೋಗಿದ್ದರು. ಅಜ್ಜಿ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಜಗಲಿಯಲ್ಲಿ ಹಣ್ಣು ಬಿಡಿಸುತ್ತಿದ್ದಳು. ಹಳದಿ ತೊಳೆಗಳ ತಟ್ಟೆ ಅವನ ಮುಂದಿತ್ತು. ಅವನು ಒಂದನ್ನೂ ಮುಟ್ಟಲಿಲ್ಲ.

“ಅಜ್ಜಿ, ನಾನು ಕಾಶಿಗೆ ಹೋಗ್ಲಿಲ್ಲ.”

“ಮತ್ತೆಲ್ಲಿಗ್ ಹೋಗಿದ್ದೆ?”

“ಲಾವೋಸ್ ಅಂತ. ಥಾಯ್ಲೆಂಡಿನ ಆಚೆ. ಬೇರೆ ದೇಶ.”

ಕತ್ತಿ ನಿಲ್ಲಲಿಲ್ಲ. “ಅಲ್ಲಿ ಹೊಳೆ ಐತಾ?”

“ಐತಜ್ಜಿ. ಭಾರೀ ದೊಡ್ದು. ಎರಡು ದಿನ ದೋಣೀಲಿ ಹೋದ್ವಿ. ನಿನ್ನ ಹುರಿಹಿಟ್ಟು ಇಲ್ದಿದ್ರೆ ಉಪವಾಸ ಬೀಳ್ತಿದ್ವಿ.”

ಅಜ್ಜಿಯ ಮುಖ ಸಡಿಲವಾಯಿತು. ಅವನು ಬೈಗುಳಕ್ಕೆ ತಯಾರಾಗಿ ಕೂತಿದ್ದರೆ, ಅವಳು ಒಳಗೊಳಗೇ ಏನೋ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದಳು. “ಹೋಗ್ಲಿ ಬಿಡು. ಹರಿಯೋ ನೀರು ತಾನೆ. ನಿಮ್ಮಪ್ಪಂಗೆ ಹೇಳ್ಬೇಡ. ಮುಳುಗಿದ್ಯಾ?”

“ಮುಳುಗ್ದೆ.”

“ನನ್ ಹೆಸರು ಹೇಳಿ ಮುಳುಗಿದ್ಯಾ?”

ಹೂಂ ಅಂದರೆ ಅಜ್ಜಿಗೆ ಸಂತೋಷ. ಆದರೆ ಬದುಕಿರುವ ತನಕ ಹಲಸು ಮುಟ್ಟುವುದಿಲ್ಲ. ಇಲ್ಲ ಅಂದರೆ ಹಲಸು ವಾಪಸ್ಸು ಬರುತ್ತದೆ. ಬದಲಿಗೆ ಏನು ಹೋಗುತ್ತದೆಂದು ಯೋಚಿಸುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ.

“ಇಲ್ಲಜ್ಜಿ. ನೆನಪಾಗ್ಲಿಲ್ಲ.”

“ಮತ್ತೇನಂತ ಮುಳುಗಿದೆ?”

“ಕ್ರಿಕೆಟ್‌ದು ಏನೋ ಕೂಗ್ದೆ.”

ಕತ್ತಿ ಈಗ ನಿಂತಿತು. “ಆಮೇಲೂ ನೆನಪಾಗ್ಲಿಲ್ವಾ?”

“ಅಲ್ಲಿರೋ ತನಕ ಇಲ್ಲ.”

“ಹುರಿಹಿಟ್ಟು ತಿನ್ನೋವಾಗ್ಲೂ?”

ಹರ್ಷಿತ್ ತಲೆ ಎತ್ತಲಿಲ್ಲ. “ಹಸಿವಿತ್ತಜ್ಜಿ,” ಎಂದ.

ಹುಲಿಯಮ್ಮ ಅವನ ತಟ್ಟೆಯಿಂದ ಒಂದು ತೊಳೆ ಎತ್ತಿಕೊಂಡಳು. ಬೀಜ ತೆಗೆದು ಪಕ್ಕಕ್ಕಿಟ್ಟು, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ವರ್ಷದ ಮೊದಲ ತೊಳೆ ತಿನ್ನುವಾಗ ಅವಳು ಕಣ್ಣು ಮುಚ್ಚುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಈಗ ಕಣ್ಣು ತೆರೆದೇ ಇತ್ತು, ಬೀದಿಯ ಕಡೆಗೆ.

ಆ ಬೀದಿ ದಾಟಿ ಬರುತ್ತಿದ್ದವಳು ಕಾಶಮ್ಮನೇ. ಮೆಟ್ಟಿಲ ಹತ್ತಿರ ಬಂದು, ಅಗಿಯುತ್ತಿದ್ದ ಬಾಯನ್ನು ನೋಡಿ ನಿಂತಳು. “ಏನೇ ಹುಲಿಯಮ್ಮ, ಕಾಶೀಲಿ ಬಿಟ್ಟಿದ್ದು ದೇವನೂರಲ್ಲಿ ಹೆಂಗೆ ಬಾಯಿಗೆ ಬಂತು?”

ಹರ್ಷಿತ್ ಎದ್ದು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಜ್ಜಿಯ ಮೊಣಕೈ ಅವನ ಪಕ್ಕೆಗೆ ತಾಗಿತು.

“ಬಿಟ್ಟಿದ್ದು ಹಲಸಲ್ವಂತೆ ಕಣೇ,” ಎಂದಳು ಹುಲಿಯಮ್ಮ. “ಹುಡುಗ ಅವತ್ತು ಹಾಗಲ ಅಂದಿದ್ನಂತೆ. ನಂಗೆ ಹಲಸು ಅಂತ ಕೇಳಿಸ್ತು. ಈಗ ಬಿಡಿಸಿ ಹೇಳ್ದ.”

“ಹಾಗಲಕಾಯಾ? ಹೌದೇನೋ ಹರ್ಷಿತಾ?”

“ಹೌದು ಕಾಶಜ್ಜಿ. ಹಾಗಲ,” ಎಂದ ಅವನು. ಈ ವರ್ಷದ ಸುಳ್ಳುಗಳಲ್ಲಿ ಅವನು ಮನಸ್ಸಿಲ್ಲದೆ ಹೇಳಿದ್ದು ಇದೊಂದೇ.

ಹುಲಿಯಮ್ಮನ ಮಂಡಿ ಹೋಗಿತ್ತು, ಹಲ್ಲು ಅರ್ಧ ಹೋಗಿತ್ತು. ಕಿವಿಯೊಂದು ಮಾತ್ರ ಮದುವಣಗಿತ್ತಿಯ ಕಿವಿ. ಕಡೂರಿನ ಬಸ್ಸು ಕೆರೆ ಏರಿ ಹತ್ತುವಾಗಲೇ ಯಾವ ಡ್ರೈವರೆಂದು ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಸೊಸೆ ಪಿಸುಗುಟ್ಟಿದ್ದಕ್ಕೆ ಹಿತ್ತಲಿನಿಂದ ಉತ್ತರ ಕೊಡುತ್ತಿದ್ದಳು.

ಕಾಶಮ್ಮ ಕೂತೇಬಿಟ್ಟಳು. ಒಂದೇ ಮಧ್ಯಾಹ್ನದಲ್ಲಿ ಗೆಳತಿಯ ತ್ಯಾಗ ಪಡವಲಕಾಯಿಯ ಮಟ್ಟಕ್ಕೆ ಇಳಿದಿತ್ತು, ಮೇಲೆ ಕಿವಿ ಬೇರೆ ಹೋಗಿತ್ತು. “ಪಾಪ, ಇಷ್ಟು ಬೇಗ ಕಿವಿ ಹೋಯ್ತಲ್ಲ ಇವಳಿಗೆ,” ಎಂದು ಹರ್ಷಿತನಿಗೆ ಮೆಲ್ಲಗೆ ಹೇಳಿ, ಆಮೇಲೆ ಹುಲಿಯಮ್ಮನ ಕಿವಿಯ ಹತ್ತಿರ ಬಾಗಿ, ಹೊಲದಾಚೆಯವರನ್ನು ಕರೆಯುವಂತೆ ಕೂಗಿದಳು: “ಸಖರಾಯಪಟ್ಟಣದ ಹಣ್ಣೇನೇ?”

ಎದುರು ಮನೆಯ ನಾಯಿ ಎದ್ದು ನಿಂತಿತು. ಹುಲಿಯಮ್ಮ ಅಂಟು ಹತ್ತಿದ ಕೈಯನ್ನು ಕಿವಿಯ ಹಿಂದಕ್ಕೆ ಒಯ್ದು, ಕಾಶಮ್ಮನ ತುಟಿಗಳನ್ನೇ ನೋಡಿದಳು.

“ಆಂ?” ಎಂದಳು. “ಇನ್ನೊಂಚೂರು ಜೋರಾಗ್ ಹೇಳೇ.”