ಇರಲಿ, ಇರಲ್ಲ

ಪಾರ್ಶ್ವವಾಯು ಬಡಿದ ನಾಲ್ಕನೇ ತಿಂಗಳು, ಒಂದು ಭಾನುವಾರ ಊಟವಾದ ಮೇಲೆ, ಅಪ್ಪ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದು ಮಕ್ಕಳಿಬ್ಬರನ್ನೂ ಕರೆದರು. ಬಲಗೈ ಬಿದ್ದುಹೋಗಿತ್ತು, ನಾಲಿಗೆ ಅರ್ಧ ಬಿದ್ದಿತ್ತು. ಅಚ್ಚುಕೂಟದಲ್ಲಿ ನಲವತ್ತು ವರ್ಷ ಫೋರ್‌ಮನ್ ಆಗಿ, ಯಂತ್ರಗಳ ಗದ್ದಲವನ್ನೂ ಮೀರಿ ಕೂಗುತ್ತಿದ್ದ ಗಂಟಲು ಅದು. ಈಗ ಅದರಿಂದ ಬರುತ್ತಿದ್ದದ್ದು ಒದ್ದೆ ಬಟ್ಟೆ ಹಿಂಡಿದಂಥ ಸದ್ದು. ಮಾತಿನ ತಲೆ ಕೇಳಿಸಿದರೆ ಬಾಲ ಕೇಳಿಸುತ್ತಿರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತೆರಡು ದಾಟಿದವಳು, ಅದೇ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಮದುವೆಯ ಮಾತು ಒಂದೆರಡು ಸಲ ಬಾಗಿಲವರೆಗೆ ಬಂದು ಹಾಗೇ ಹಿಂದಿರುಗಿತ್ತು. ಎಂಟು ವರ್ಷ ಚಿಕ್ಕವನಾದ ತಮ್ಮ ಅಲ್ಲೇ ಮುದ್ರಣ ಯಂತ್ರ ನಡೆಸುತ್ತಿದ್ದ. ಅವನ ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಬಗ್ಗುವಂಥದ್ದಲ್ಲ.

ಅಪ್ಪ ಮೊದಲು ಮಗಳ ತಲೆಯ ಮೇಲೆ ಕೈಯಿಟ್ಟು, "ದೇವ್ರು ಕಾಯ್ಲಿ" ಎಂದರು. ಅಷ್ಟು ಸ್ಪಷ್ಟವಾಗಿಯೇ ಇತ್ತು. ಆಮೇಲೆ ಮಗನ ತಲೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ತುಂಬ ಹೊತ್ತು ಉಸಿರು ಕೂಡಿಸಿಕೊಂಡರು.

"ಇವ್ನು... ಅಕ್ಕನ ಜೊತೆ... ಇರಲ್..."

ಉಳಿದದ್ದು ಜೊಲ್ಲಿನಲ್ಲಿ ಮುಳುಗಿತು. ಅಪ್ಪ ದೊಡ್ಡ ಕೆಲಸ ಮುಗಿಸಿದವರಂತೆ ದಿಂಬಿಗೆ ಒರಗಿ ನಿದ್ದೆಹೋದರು.

ಅಡುಗೆಮನೆಗೆ ಬಂದ ಮೇಲೆ ಅಕ್ಕ ಕಣ್ಣೊರೆಸಿಕೊಂಡಳು. "ಕೇಳಿದ್ಯಾ? ನನ್ನ ಜೊತೆ ಇರಲಿ ಅಂತ ಹರಸಿದ್ರು."

ತಮ್ಮನ ಮುಖ ಬಿಳಿಚಿಕೊಂಡಿತ್ತು. "ಇರಲಿ ಅನ್ನಲಿಲ್ಲ ಅಕ್ಕ. ಇರಲ್ಲ ಅಂದ್ರು."

"ಯಂತ್ರದ ಸದ್ದಿಗೆ ನಿನ್ನ ಕಿವಿ ಕೆಟ್ಟಿದೆ ಕಣೋ. ಮೂವತ್ತು ವರ್ಷದಲ್ಲಿ ನಾನು ಒಂದಕ್ಷರ ಬಿಟ್ಟವಳಲ್ಲ."

"ಅದು ಕಣ್ಣಿನ ಕೆಲಸ. ಇದು ಕಿವಿಗೆ ಬಿದ್ದದ್ದು."

ಹರಸುವ ಕೈ ತಲೆಯ ಮೇಲಿಟ್ಟು ಯಾವ ಅಪ್ಪ ತಾನೇ 'ಇರಲ್ಲ' ಎನ್ನುತ್ತಾನೆ? ಅದು ಆಶೀರ್ವಾದವಲ್ಲ, ಭವಿಷ್ಯ ಹೇಳಿದ ಹಾಗೆ. ಅಕ್ಕನಿಗೆ ನಗು ಬಂತು, ಆದರೆ ತಮ್ಮ ನಗಲಿಲ್ಲ. ಅವನು ನಗದೇ ಇದ್ದದ್ದು ಅವಳೊಳಗೆ ಮುಳ್ಳಿನ ಹಾಗೆ ಕೂತಿತು.

ಸಂಜೆ ಅಪ್ಪನಿಗೆ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟಳು. "ಅಪ್ಪ, ಅವನು ಇರಲಿ ಅಂದ್ರಾ?"

"ಹೂಂ."

"ಇರಲ್ಲ ಅಂದ್ರಾ?"

"ಹೂಂ."

"ಎರಡರಲ್ಲಿ ಯಾವುದು ಅಪ್ಪ?"

ಅಪ್ಪನಿಗೆ ರೇಗಿತು. ಚಮಚವನ್ನು ತಳ್ಳಿ ಗೋಡೆಯ ಕಡೆ ಹೊರಳಿಕೊಂಡರು.

ಸೋಮವಾರ ಅವರ ಚರ್ಚಿನ ಪಾದ್ರಿಗಳು ಅಚ್ಚುಕೂಟಕ್ಕೆ ಬಂದರು. ಅವರು ಬರೆಯುತ್ತಿದ್ದ ಪುಸ್ತಿಕೆಯ ಕರಡು ಅಕ್ಕನ ಮೇಜಿನ ಮೇಲೇ ಇತ್ತು. ಸಾಯುವ ಹೊತ್ತಿನಲ್ಲಿ ಒಬ್ಬ ಮುದಿ ತಂದೆ ಹನ್ನೆರಡು ಗಂಡುಮಕ್ಕಳನ್ನು ಹಾಸಿಗೆಯ ಸುತ್ತ ಕರೆದು ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿದನೆಂದು ಬೈಬಲಿನಲ್ಲಿ ಬರುತ್ತದಲ್ಲ, ಆ ಭಾಗದ ವಿವರಣೆ. ಪುಟದ ತುಂಬ ಪಾದ್ರಿಗಳದೇ ಕೆಂಪು ಗೀಟು: 'ಆಗಲಿ' ಹೊಡೆದು 'ಆಗುವುದು', ಅದನ್ನು ಹೊಡೆದು ಮತ್ತೆ 'ಆಗಲಿ'.

"ಇದೇನು ಫಾದರ್, ಒಂದೇ ಮಾತನ್ನ ಎರಡು ಸಲ ಹೊಡೆದಿದ್ದೀರಿ?"

ಪಾದ್ರಿಗಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೂಲ ಭಾಷೆಯಲ್ಲಿ ಎಷ್ಟೋ ಕಡೆ ಎರಡಕ್ಕೂ ಒಂದೇ ರೂಪ, ಅಮ್ಮ. ಆಗಲಿ ಅಂತಲೂ ಓದಬಹುದು, ಆಗುತ್ತೆ ಅಂತಲೂ ಓದಬಹುದು. ಆ ತಂದೆ ಮಾತು ಶುರು ಮಾಡೋದು ಮುಂದೆ ನಿಮಗೇನಾಗುತ್ತೆ ಹೇಳ್ತೀನಿ ಅಂತ. ಅದು ಪ್ರವಾದನೆ. ಕೊನೆಗೆ ನೋಡಿದ್ರೆ, ಹೀಗೆ ಮಕ್ಕಳನ್ನ ಆಶೀರ್ವದಿಸಿದ ಅಂತಿದೆ. ಮಧ್ಯೆ ಕೆಲವರಿಗೆ ಸರಿಯಾಗಿ ಬೈದೂ ಇದ್ದಾನೆ!"

"ಬೈದದ್ದು ಆಶೀರ್ವಾದ ಹೇಗಾಗುತ್ತೆ?"

"ಇಬ್ಬರು ಮಕ್ಕಳಿಗೆ ಅವನು ನೀವು ಚದುರಿ ಹೋಗ್ತೀರಿ ಅಂದ. ಇಬ್ಬರ ಮನೆತನವೂ ಚದುರಿತು. ಒಂದು ಮನೆತನ ಬೇರೊಬ್ಬ ಸೋದರನ ಮನೆತನದಲ್ಲಿ ಕರಗಿ ಹೋಯ್ತು. ಇನ್ನೊಂದು ಚದುರಿದ ಕಡೆಯೆಲ್ಲ ದೇವರ ಸೇವೆಗೆ ನಿಂತಿತು. ಮಾತು ಒಂದೇ, ಫಲ ಎರಡು."

"ಹಾಗಾದ್ರೆ ಅದು ಶಾಪಾನಾ, ವರಾನಾ?"

"ನನಗೆ ಗೊತ್ತಿದ್ರೆ ಎರಡು ಸಲ ಯಾಕೆ ಹೊಡೀತಿದ್ದೆ?"

ಆಗ ಅಕ್ಕ ಮನೆಯ ವಿಷಯ ಹೇಳಿದಳು. ಪಾದ್ರಿಗಳು ಪೂರ್ತಿ ಕೇಳಿ, ತಲೆ ಕೆರೆದುಕೊಂಡು, "ಬುಧವಾರ ಬರ್ತೀನಿ" ಎಂದು ಎದ್ದುಹೋದರು. ಪುಸ್ತಿಕೆಯ ಬಗ್ಗೆ ಹೇಳಿದರೋ ಅಪ್ಪನ ಬಗ್ಗೆ ಹೇಳಿದರೋ, ಅದೂ ಅವಳಿಗೆ ತಿಳಿಯಲಿಲ್ಲ.

ಮಂಗಳವಾರ ಅವಳು ಬ್ರೆಡ್ ತರಲು ಎರಡು ಬೀದಿ ಆಚೆಯ ಬೇಕರಿಗೆ ಹೋದಳು. ಅಂಗಡಿ ನಡೆಸುವವಳು ಗಂಡ ತೀರಿಕೊಂಡ ಹೆಂಗಸು, ನಗುಮುಖದವಳು, ಮೊಣಕೈವರೆಗೂ ಹಿಟ್ಟು. ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತ, ತಲೆ ಎತ್ತದೆ ಕೇಳಿದಳು: "ನೀವೇನಂದ್ರಿ ಅಕ್ಕ? ನಿಮ್ಮ ತಮ್ಮ ಏನೂ ಬಾಯಿಬಿಡ್ತಾನೇ ಇಲ್ಲ."

"ಯಾವುದಕ್ಕೆ?"

ಹೆಂಗಸಿನ ಕೈ ನಿಂತಿತು. "ಅಯ್ಯೋ! ಭಾನುವಾರ ನಿಮಗೆ ಹೇಳ್ತೀನಿ ಅಂದಿದ್ನಲ್ಲ... ನಮ್ಮ ಮದುವೆ ವಿಷಯ."

ಅಕ್ಕ ಬ್ರೆಡ್ಡನ್ನು ಅಲ್ಲೇ ಬಿಟ್ಟು ನೇರ ಅಚ್ಚುಕೂಟಕ್ಕೆ ನಡೆದಳು. ತಮ್ಮ ಅವಳ ಮುಖ ನೋಡಿದ್ದೇ ಯಂತ್ರ ನಿಲ್ಲಿಸಿದ.

"ನಿನ್ನ ಮದುವೆ ವಿಷಯ ನಾನು ಬೇಕರಿಯಲ್ಲಿ ಕೇಳಬೇಕಿತ್ತಾ?"

"ಊಟ ಆದ ಮೇಲೆ ಹೇಳೋಣ ಅಂತಿದ್ದೆ ಅಕ್ಕ, ದೇವರಾಣೆ. ಅಷ್ಟರಲ್ಲಿ ಅಪ್ಪ ಹಾಗಂದ್ರು. ಇರಲ್ಲ ಅಂದಿದ್ರೆ, ನನ್ನ ಗುಟ್ಟು ಅವರಿಗೆ ಹೇಗೆ ಗೊತ್ತಾಯ್ತು? ಇರಲಿ ಅಂದಿದ್ರೆ, ಅಪ್ಪನ ಮಾತು ಮುರಿದು ನಾನು ಹೇಗೆ ಹೋಗಲಿ?" ಅವನು ಮಸಿ ಕೈಯಿಂದಲೇ ಹಣೆ ಒರೆಸಿಕೊಂಡ. "ನೀನೇ ಹೇಳು. ನಿನಗೆ ಇರಲಿ ಅಂತ ಕೇಳಿಸ್ತಲ್ಲ. ಖಂಡಿತಾನಾ?"

ಖಂಡಿತ ಎಂದರೆ ಅವನು ಉಳಿಯುತ್ತಿದ್ದ. ನಲವತ್ನಾಲ್ಕರ ಗಂಡಸು, ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದ. ಅಕ್ಕ ಆ ಸದ್ದನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡಳು. ತಂದುಕೊಂಡಷ್ಟೂ ಅದು ಕಲಸುಮೇಲೋಗರವಾಯಿತು. ಕೇಳಿಸಿದ್ದು ಅಪ್ಪನ ಮಾತೋ, ಅವಳ ಆಸೆಯೋ?

"ಗೊತ್ತಿಲ್ಲ ಕಣೋ," ಎಂದಳು ಕೊನೆಗೆ. ಕಾಗದದ ಕಟ್ಟಿನ ಮೇಲೆ ಕುಳಿತಳು. "ಅವಳು ಒಳ್ಳೆಯವಳು. ಮಾಡ್ಕೋ."

ಹಾಗೆಂದದ್ದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಆ ದಿನವೆಲ್ಲ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಬುಧವಾರ ಪಾದ್ರಿಗಳು 'ಆಗಲಿ' ಎಂಬುದನ್ನು ಮೇಲೆ ಉಳಿಸಿ, 'ಆಗುವುದು ಎಂದೂ ಓದಬಹುದು' ಎಂದು ಅಡಿಟಿಪ್ಪಣಿ ಹಾಕಿಸಿದರು. ಅವಳು ಅದನ್ನು ಹಾಗೇ ಅಚ್ಚಿಗೆ ಕಳಿಸಿದಳು.

ಆರು ವಾರ ಬಿಟ್ಟು ಮದುವೆಯಾಯಿತು. ಬೇಕರಿಯ ಮೇಲಿನ ಕೋಣೆಗಳಿಗೆ ತಮ್ಮ ಹೋಗುವುದು, ಬೆಳಗ್ಗೆ ಬಂದು ಅಪ್ಪನಿಗೆ ಸ್ನಾನ ಮಾಡಿಸುವುದು, ಮಧ್ಯಾಹ್ನದ ಊಟ ಎಲ್ಲರೂ ಈ ಮನೆಯಲ್ಲೇ ಮಾಡುವುದು ಎಂದು ಗೊತ್ತುಮಾಡಿದ್ದು ಮದುಮಗಳೇ. ಅಂದರೆ ಅವನು ಮನೆ ಬಿಟ್ಟ ಹಾಗಾಯಿತೋ, ಬಿಡದ ಹಾಗಾಯಿತೋ? ಕೇಳಿದವರಿಗೆ ಅಕ್ಕ ದಿನಕ್ಕೊಂದು ಉತ್ತರ ಕೊಟ್ಟಳು.

ಮದುವೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಮದುಮಗಳು ಅಪ್ಪನ ಗಾಲಿ ಕುರ್ಚಿಯ ಮುಂದೆ ಮೊಣಕಾಲೂರಿದಳು. ಅಪ್ಪ ಎಡಗೈ ಅವಳ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ, ತುಂಬ ಹೊತ್ತು ಏನೋ ಹೇಳಿದರು. ಸುತ್ತ ನಿಂತವರೆಲ್ಲ "ಆಮೆನ್" ಎಂದರು.

"ಏನಂದ್ರು ಅಕ್ಕ?" ಮದುಮಗಳು ಪಿಸುಗುಟ್ಟಿದಳು.

ಅಕ್ಕ ಕಿವಿಯನ್ನು ಅಪ್ಪನ ಬಾಯಿಯ ಹತ್ತಿರವೇ ಇಟ್ಟಿದ್ದಳು. ಆದರೂ ಒಂದು ಮಾತೂ ತಿಳಿಯಲಿಲ್ಲ. ಅಪ್ಪನ ಮುಖ ನೋಡಿದಳು. ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ಅಲುಗದೆ ಇತ್ತು.

"ಸರಿಯಾಗಿ ಕೇಳಿಸಲಿಲ್ಲಮ್ಮ," ಎಂದು ಅಪ್ಪನ ಗಲ್ಲ ಒರೆಸಿದಳು.

ಮದುಮಗಳು ಎದ್ದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು. ಹೊಸ್ತಿಲಿಗೆ ಗಾಲಿ ಸಿಕ್ಕಿಕೊಂಡಿತು. ಒಬ್ಬಳು ಹಿಂದಿನಿಂದ, ಒಬ್ಬಳು ಮುಂದಿನಿಂದ ಹಿಡಿದು, ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಆಚೆ ಇಳಿಸಿದರು.