ಅಂಚೆಟ್ಟಿಯಿಂದ ಬಸ್ಸು ಹತ್ತಿದ ಮನೆ

"ಏಯ್, ಒಳಗ್ ಬರ್ಬ್ಯಾಡ. ಜೈಲ್ನಾಗಿರೋನ ತಂಗಿಗೆ ಕುರ್ಚಿ ಬೇರೆ ಹಾಕ್ಬೇಕೇನೆ?" ಎಂದ ಆಫೀಸಿನ ಜವಾನ.

ಕುರ್ಚಿ ಯಾರಿಗೆ ಬೇಕಿತ್ತು? ನಾನು ಕೇಳಲು ಬಂದದ್ದು ನಮ್ಮಣ್ಣ ಮುನಿಶಾಮಿಯನ್ನು. ಕೂಲಿ ಕೇಳಿದ್ದಕ್ಕೆ ಅವ್ವನ ಕೆನ್ನೆಗೆ ಬಾರಿಸಿದ ಮೇಸ್ತ್ರಿಯ ಕೈ ಮುರಿದು ಜೈಲಿಗೆ ಹೋದವನು. ಮುರಿದದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಬರುವ ಸೋಮವಾರ ನನ್ನ ಮಗಳು ಭಾನುವಿಗೆ ಕಿವಿ ಚುಚ್ಚಬೇಕು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸದೆ ಚುಚ್ಚುವುದಿಲ್ಲ. ಅವನನ್ನು ಪೆರೋಲಿನ ಮೇಲೆ ಬಿಡಬೇಕಾದರೆ ಇಲ್ಲಿನ ಪ್ರೊಬೇಷನ್ ಆಫೀಸರ್ ಯತಿರಾಜ್ ನಮ್ಮ ಮನೆ ನೋಡಿ, ಅಕ್ಕಪಕ್ಕದವರನ್ನು ಕೇಳಿ, ವರದಿ ಬರೆಯಬೇಕು.

ಆ ಮನುಷ್ಯ ಎದ್ದರೆ ತಾನೇ? ಫೈಲುಗಳ ಹಿಂದೆ ಬರೀ ತಲೆ ಕಾಣುತ್ತಿತ್ತು. ಕೈಯಲ್ಲಿ ಬರೆದದ್ದನ್ನೇ ಮತ್ತೆ ಕಂಪ್ಯೂಟರಿಗೂ ಹೊಡೆಯುತ್ತಿದ್ದ, ಪಾಪ.

"ನಿಮ್ಮೂರು ಅಂಚೆಟ್ಟಿಗೆ ಬಂದ್ರೆ ಒಂದಿನ ಹೋಯ್ತದೆ ಗಂಗರತ್ನಮ್ಮ. ಈ ರಿಪೋರ್ಟೆಲ್ಲ ಮುಗೀಲಿ, ಬತ್ತೀನಿ."

"ಯಾವಾಗ ಮುಗೀತದೆ ಸಾಮಿ?"

"ನಂಗೇ ಗೊತ್ತಿಲ್ಲ" ಎಂದ. ಸುಳ್ಳಾದರೂ ಹೇಳಲಿಲ್ಲವಲ್ಲ ಎಂದು, ಅಷ್ಟು ಸಿಟ್ಟಿನಲ್ಲೂ ಅಯ್ಯೋ ಅನಿಸಿತು.

ಮರುದಿನ ಮೊದಲ ಬಸ್ಸಿಗೆ ನಮ್ಮ ಮನೆಯನ್ನೇ ಹತ್ತಿಸಿದೆವು. ಚಾಪೆ, ಬಿಂದಿಗೆ, ಮುದ್ದೆ ಪಾತ್ರೆ, ಅವ್ವ, ಭಾನು, ಪಕ್ಕದ ಮನೆಯ ನಂಜಪ್ಪ, ಅವನ ಹೆಂಡತಿ. "ಗೋಡೆ ಯಾಕೆ ಬಿಟ್ಬಂದ್ರಿ?" ಎಂದು ಕಂಡಕ್ಟರ್ ಕೇಳಿದ.

ಆಫೀಸಿನಲ್ಲಿ ಜವಾನ ಅಡ್ಡ ನಿಂತ. ಅವ್ವ "ಸರ್ಕಳಲಾ ಬೋಳಿಮಗನೆ" ಎಂದು ಅವನನ್ನು ದಾಟಿ ನಟ್ಟನಡುವೆ ಚಾಪೆ ಹಾಸಿದಳು.

"ಮನೆ ನೋಡ್ಬೇಕು ಅಂದ್ರಲ್ಲ ಸಾಮಿ. ನಿಮ್ಗೆ ಬಿಡುವಿಲ್ಲ ಅಂತ ನಾವೇ ತಂದಿದೀವಿ" ಎಂದೆ.

ಯತಿರಾಜ್ ಎದ್ದು ಬಂದು, ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕೂತ.

"ಮುನಿಶಾಮಿ ಊರಿಗೆ ಬಂದ್ರೆ ನಿಮ್ಗೇನಾದ್ರೂ ತೊಂದ್ರೆನಾ?" ಎಂದು ನಂಜಪ್ಪನನ್ನು ಕೇಳಿದ.

"ಐತೆ ಸಾರ್. ಗೋಡೆ ಅದುರೋ ಹಂಗೆ ಗೊರಕೆ ಹೊಡೀತಾನೆ."

ಅಷ್ಟರಲ್ಲಿ ಮೇಲಿನ ಸಾಹೇಬರ ಫೋನು. ಎಲ್ಲಿ ಸತ್ತಿದ್ದೀಯ, ಲೆಕ್ಕಪತ್ರ ಎಲ್ಲಿ ಎಂದು ಅವರು ಬೈಯುವುದು ನಮಗೂ ಕೇಳುತ್ತಿತ್ತು.

"ಅಂಚೆಟ್ಟಿ ಮನೇಲಿದೀನಿ ಸಾರ್. ವಿಚಾರಣೆ ನಡೀತಾ ಐತೆ" ಎಂದು ಯತಿರಾಜ್, ಅವ್ವ ಬಡಿಸಿದ್ದ ಮುದ್ದೆ ಮುರಿದ.

ಕೈ ತೊಳೆದು ವರದಿ ಬರೆದು ಸಹಿ ಹಾಕಿದ. ನನಗೆ ಅಳುವೇ ಬಂತು.

"ಇನ್ನು ಇದು ಸೇಲಂ ಜೈಲಿಗೆ ಹೋಗ್ಬೇಕಮ್ಮ. ಅಲ್ಲಿನೋರೂ ಸಹಿ ಹಾಕ್ಬೇಕು. ಸೋಮವಾರದೊಳಗೆ ಆಯ್ತದೋ ಇಲ್ವೋ."

ಅವ್ವ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಬಿಂದಿಗೆಯನ್ನು ಜವಾನನ ಕೈಗೆ ಕೊಟ್ಟಳು.

"ಹಿಡ್ಕಳಲಾ. ಸೇಲಂ ಬಸ್ಸು ಎಲ್ಲಿ ನಿಲ್ತದೆ, ತೋರ್ಸು ನಡಿ."